ಗದ್ದೆ, ಹಿತ್ತಿಲು, ಹಪ್ಪಳ: ಕಾಸರಗೋಡಿನ ಕೃಷಿಕ ಹೆಂಗಸರು ಪದೇ ಪದೇ ಕೇಳುವ ಪ್ರಶ್ನೆಗಳು

ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಮಂಜೇಶ್ವರ ಕಡೆಯ ಕುಟುಂಬಶ್ರೀ (ಕೇರಳ ಸರಕಾರದ ಹೆಂಗಸರ ಸ್ವಸಹಾಯ ಯೋಜನೆ) ಸಭೆಗಳಲ್ಲಿ, ಕೃಷಿ ಭವನದ ಜಗಲಿಯಲ್ಲಿ, ಮದುವೆಮನೆಯಲ್ಲಿ ತರಕಾರಿ ಕೊಚ್ಚುತ್ತ ಕೂತಲ್ಲಿ, ಕೆಲವೊಮ್ಮೆ ಪತ್ರದಲ್ಲಿ ನನ್ನ ಹತ್ತಿರ ಬಂದ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಇಟ್ಟಿದ್ದೇನೆ. ನಾನು ವಿಜ್ಞಾನಿಯಲ್ಲ, ಐವರು ಹೆಂಗಸರ ಗುಂಪಿನಲ್ಲಿ ಗದ್ದೆ, ತರಕಾರಿ ಮಾಡುವವಳು. ಮಾಡಿ ನೋಡಿದ್ದನ್ನು ಮತ್ತು ಕೃಷಿ ವಿಜ್ಞಾನಿಗಳಿಂದ ಕೇಳಿ ಖಚಿತ ಮಾಡಿಕೊಂಡದ್ದನ್ನು ಮಾತ್ರ ಬರೆದಿದ್ದೇನೆ.

## ಶುರು ಮಾಡುವವರಿಗೆ

"ಅಕ್ಕಾ, ನನ್ನ ಹೆಸರಲ್ಲಿ ಒಂದು ಸೆಂಟು ಜಾಗವೂ ಇಲ್ಲ. ನನ್ನನ್ನು ಕೃಷಿಕಳು ಎಂದು ಯಾರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ?"

ಮೊದಲ ಪ್ರಶ್ನೆ ಯಾವಾಗಲೂ ಇದೇ. ವರ್ಷಕ್ಕೆ 6,000 ರೂಪಾಯಿಯ ಪಿಎಂ ಕಿಸಾನ್ ಹಣ ಜಾಗದ ದಾಖಲೆ ಇದ್ದವರ ಖಾತೆಗೆ ಹೋಗುತ್ತದೆ. ಗದ್ದೆಯಲ್ಲಿ ಬೆನ್ನು ಬಗ್ಗಿಸಿದವಳ ಖಾತೆಗೆ ಬರುವುದಿಲ್ಲ. ಇದು ಅನ್ಯಾಯವೇ.

ಆದರೂ ಒಂದು ದಾರಿ ಇದೆ. 1998ರಲ್ಲಿ ಶುರುವಾದ ಕುಟುಂಬಶ್ರೀಯ ಅಡಿಯಲ್ಲಿ 4ರಿಂದ 10 ಹೆಂಗಸರು ಸೇರಿ ಜೆಎಲ್‌ಜಿ, ಅಂದರೆ ಜಂಟಿ ಹೊಣೆಯ ಗುಂಪು ಕಟ್ಟಬಹುದು. ಬೇಸಾಯವಿಲ್ಲದೆ ಹಡಿಲು ಬಿದ್ದ ಗದ್ದೆಯನ್ನೋ ಖಾಲಿ ಜಾಗವನ್ನೋ ಬೇರೆಯವರಿಂದ ಪಡೆದು ಬೇಸಾಯ ಮಾಡಬಹುದು. ಬ್ಯಾಂಕು ಸಾಲ ಕೊಡುವುದು ಜಾಗದ ಆಧಾರದ ಮೇಲಲ್ಲ, ಎಲ್ಲರೂ ಸೇರಿ ಹೊತ್ತ ಹೊಣೆಯ ಮೇಲೆ.

ಜಾಗದವರು ಬರೆದುಕೊಡಲು ಹೆದರುತ್ತಾರೆ. ಆ ಹೆದರಿಕೆಗೆ ಕಾರಣ ಇದೆ. ಕೇರಳದಲ್ಲಿ 1970ರ ಜನವರಿ 1ರಿಂದ ಗೇಣಿ ಪದ್ಧತಿಯೇ ರದ್ದಾಗಿದೆ. 'ಕಾಗದ ಕೊಟ್ಟರೆ ಜಾಗ ಹೋದೀತು' ಎನ್ನುವ ಮಾತು ಅಜ್ಜಂದಿರ ಕಾಲದಿಂದ ಉಳಿದುಕೊಂಡಿದೆ. ಅವರ ಹತ್ತಿರ 'ಗೇಣಿ' ಎಂಬ ಶಬ್ದವನ್ನೇ ಎತ್ತಬೇಡಿ. ಇಷ್ಟು ಸಮಯದ ಬೇಸಾಯಕ್ಕೆ ಒಪ್ಪಿಗೆ ಇದೆ ಎಂಬ ಪತ್ರ ಸಾಕು ಎನ್ನಿ. ಪಂಚಾಯತು ಸದಸ್ಯರನ್ನೋ ಸಿಡಿಎಸ್ (ಪಂಚಾಯತು ಮಟ್ಟದ ಕುಟುಂಬಶ್ರೀ ಸಂಘ) ಅಧ್ಯಕ್ಷೆಯನ್ನೋ ಕರೆದುಕೊಂಡು ಹೋಗಿ ಮಾತನಾಡಿದರೆ ಕೆಲಸ ಬೇಗ ಆಗುತ್ತದೆ.

"ಹೊಸ ಕೃಷಿ ಅಂದರೆ ಹೈಬ್ರಿಡ್ ಬೀಜ ತರುವುದಾ?"

ಅಷ್ಟೇ ಅಲ್ಲ. ಬೀಜ ಹೊಸತಾಗಬಹುದು, ನೆಡುವ ಸಮಯ ಹೊಸತಾಗಬಹುದು, ಬೆಳೆದದ್ದನ್ನು ಒಣಗಿಸುವ ರೀತಿ ಹೊಸತಾಗಬಹುದು. ನಾನು ಎರಡು ವಿಷಯ ನೋಡುತ್ತೇನೆ: ನಮ್ಮ ಕೈಗೆ ಬರುವ ದುಡ್ಡು ಹೆಚ್ಚಿತೋ, ನಮ್ಮ ದುಡಿಮೆಯ ಗಂಟೆ ಕಡಿಮೆಯಾಯಿತೋ. ಎರಡರಲ್ಲಿ ಒಂದೂ ಆಗದಿದ್ದರೆ ಆ ಹೊಸತು ನಮಗಾಗಿ ಬಂದದ್ದಲ್ಲ.

"ಬೀಡಿ ಕಟ್ಟುತ್ತೇನೆ, ಸೀಸನ್ನಿನಲ್ಲಿ ಅಡಿಕೆ ಸುಲಿಯಲು ಹೋಗುತ್ತೇನೆ. ದಿನಕ್ಕೆ ಎರಡು ಗಂಟೆ ಸಿಗಬಹುದು. ಏನು ಬೆಳೆಯಲಿ?"

ಎರಡು ಗಂಟೆಗೆ ಐದು ಸೆಂಟು ಸಾಕು. ಆಸೆಪಟ್ಟು ಇಪ್ಪತ್ತು ಸೆಂಟು ಅಗೆದು ಅರ್ಧಕ್ಕೆ ಬಿಟ್ಟವರನ್ನು ತುಂಬ ನೋಡಿದ್ದೇನೆ. ಮೊದಲ ವರ್ಷ ಬಸಳೆ, ಹರಿವೆ, ಅಲಸಂಡೆ ಮಾತ್ರ ಮಾಡಿ. ಹರಿವೆ ಒಂದು ತಿಂಗಳಲ್ಲಿ ಕೈಗೆ ಬರುತ್ತದೆ. ಬಸಳೆಯ ಚಪ್ಪರ ಒಮ್ಮೆ ಹಬ್ಬಿದರೆ ವಾರವಾರವೂ ಕೊಯ್ಯಬಹುದು, ಬುಡ ತೆಗೆಯುವ ಕೆಲಸವಿಲ್ಲ. ಅಲಸಂಡೆಯಲ್ಲಿ ಚಪ್ಪರ ಬೇಡದ ಗಿಡ್ಡ ಜಾತಿ ಬೇಕಾದರೆ ಕೇರಳ ಕೃಷಿ ವಿಶ್ವವಿದ್ಯಾಲಯದ 'ಭಾಗ್ಯಲಕ್ಷ್ಮಿ', ಉದ್ದ ಕೋಡಿನ ಬಳ್ಳಿ ಬೇಕಾದರೆ 'ಲೋಲ', 'ವೈಜಯಂತಿ' ಕೇಳಿ. ಹೀರೆ, ಪಡುವಲ, ಮುಳ್ಳುಸೌತೆ ಎಲ್ಲ ಎರಡನೇ ವರ್ಷಕ್ಕಿರಲಿ.

"ಅರ್ಜಿ ಎಲ್ಲ ಮಲಯಾಳದಲ್ಲಿ. ನಾನು ಕಲಿತದ್ದು ಕನ್ನಡ ಶಾಲೆಯಲ್ಲಿ. ಏನು ಮಾಡುವುದು?"

ಕನ್ನಡದಲ್ಲಿ ಬರೆದು ಕೊಡಿ. ಇಲ್ಲಿಯ ಕನ್ನಡಿಗರು ಸರಕಾರಿ ಕಚೇರಿಗಳ ಜೊತೆ ಕನ್ನಡದಲ್ಲೇ ವ್ಯವಹರಿಸಬಹುದೆಂದು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲೇ ಇದೆ. ನನ್ನ ಒಂದು ಅರ್ಜಿಯನ್ನು ಒಂದು ಕಚೇರಿಯಲ್ಲಿ 'ಮಲಯಾಳದಲ್ಲಿ ಬರೆಸಿಕೊಂಡು ಬನ್ನಿ' ಎಂದು ಹಿಂದೆ ಕಳಿಸಿದ್ದರು. ಅವತ್ತು ಬಸ್ಸಿನ ದುಡ್ಡೂ ಒಂದು ದಿನದ ಸಂಬಳವೂ ಹೋಯಿತು. ಮುಂದಿನ ಸಲ ಕಾಯ್ದೆಯ ಹೆಸರು ಹೇಳಿ, ಅರ್ಜಿ ಕೊಟ್ಟದ್ದಕ್ಕೆ ರಶೀದಿ ಕೇಳಿದೆ. ತೆಗೆದುಕೊಂಡರು. ಅರ್ಥವಾಗದ ಕಾಗದಕ್ಕೆ ಮಾತ್ರ ಎಷ್ಟು ಅವಸರ ಮಾಡಿದರೂ ಸಹಿ ಹಾಕಬೇಡಿ, ಸಾಲದ ಕಾಗದಕ್ಕಂತೂ ಬೇಡವೇ ಬೇಡ.

## ಮಣ್ಣು, ನೀರು, ಬೀಜ

"ಟೊಮೆಟೊ, ಬದನೆ, ಮೆಣಸು ಚೆನ್ನಾಗಿ ಬರುತ್ತದೆ. ಹೂ ಬಿಡುವ ಹೊತ್ತಿಗೆ ಒಮ್ಮೆಲೇ ಬಾಡಿ ಸಾಯುತ್ತದೆ. ನೀರು ಕೊಟ್ಟರೂ ಏಳುವುದಿಲ್ಲ. ಯಾರ ಕಣ್ಣು ಬಿತ್ತೋ?"

ಕಣ್ಣು ಬಿದ್ದದ್ದಲ್ಲ ತಂಗೀ, ಮಣ್ಣಿನಲ್ಲಿರುವ ಬ್ಯಾಕ್ಟೀರಿಯ. ಬಾಡಿದ ಗಿಡದ ಕಾಂಡವನ್ನು ಬುಡದಲ್ಲಿ ಕತ್ತರಿಸಿ, ಗಾಜಿನ ಲೋಟದ ನೀರಿನಲ್ಲಿ ತುದಿ ಮುಳುಗುವಂತೆ ಹಿಡಿಯಿರಿ. ಸ್ವಲ್ಪ ಹೊತ್ತಿನಲ್ಲಿ ಹಾಲಿನಂಥ ಎಳೆ ಕೆಳಗಿಳಿದರೆ ಅದು ಬ್ಯಾಕ್ಟೀರಿಯದ ಸೊರಗು ರೋಗ. ಹಾಗೆ ಬಂದ ಮೇಲೆ ಔಷಧಿಗೆ ದುಡ್ಡು ಹಾಕಬೇಡಿ. ಗಿಡವನ್ನು ಬೇರುಸಹಿತ ಕಿತ್ತು ಸುಟ್ಟುಬಿಡಿ.

ನಮ್ಮದು ಮುರಕಲ್ಲಿನ ಹುಳಿ ಮಣ್ಣು. ಈ ರೋಗಕ್ಕೆ ಅದು ತವರುಮನೆ ಇದ್ದಂತೆ. ಗಿಡ ನೆಡುವ ಎರಡು ವಾರ ಮೊದಲು ಸೆಂಟಿಗೆ 2ರಿಂದ 3 ಕಿಲೋ ಸುಣ್ಣ ಹಾಕಿ ಮಣ್ಣಿಗೆ ಸೇರಿಸಿ. ಸುಣ್ಣ ಮತ್ತು ಹಟ್ಟಿಗೊಬ್ಬರವನ್ನು ಒಂದೇ ದಿನ ಹಾಕಬೇಡಿ. ಎಲ್ಲಕ್ಕಿಂತ ಮುಖ್ಯ, ತಾಳಿಕೊಳ್ಳುವ ತಳಿಯನ್ನೇ ತನ್ನಿ. ಟೊಮೆಟೊದಲ್ಲಿ 'ಶಕ್ತಿ', 'ಮುಕ್ತಿ', 'ಅನಘ', ಬದನೆಯಲ್ಲಿ 'ಸೂರ್ಯ', 'ಹರಿತ', ಮೆಣಸಿನಲ್ಲಿ 'ಉಜ್ವಲ', 'ಅನುಗ್ರಹ' ಇವೆಲ್ಲ ಕೇರಳ ಕೃಷಿ ವಿಶ್ವವಿದ್ಯಾಲಯ ಇದಕ್ಕೆಂದೇ ಮಾಡಿದ ತಳಿಗಳು. ಪೇಟೆಯಲ್ಲಿ ಹೊಳೆಯುವ ಚಿತ್ರದ ಪ್ಯಾಕೆಟು ನೋಡಿ ಬೀಜ ತರುವ ಅಭ್ಯಾಸ ನನಗೂ ಇತ್ತು. ಎರಡು ವರ್ಷ ಗಿಡ ಸತ್ತ ಮೇಲೆ ಬಿಟ್ಟೆ.

ಕಾಡು ಸುಂಡೆಯ ಬುಡಕ್ಕೆ ಬದನೆ, ಟೊಮೆಟೊ ಕಸಿ ಕಟ್ಟುವುದನ್ನೂ ಕಲಿಯಬಹುದು. ಸುಂಡೆಯ ಬೇರಿಗೆ ಈ ರೋಗ ಸುಲಭಕ್ಕೆ ತಾಗುವುದಿಲ್ಲ. ಕಸಿ ಗಿಡ ಮಾರಿಯೇ ಸಂಪಾದಿಸುವ ಗುಂಪು ನಮ್ಮ ಕಡೆ ಬೆಳೆದರೆ ನನಗೆ ತುಂಬ ಸಂತೋಷ.

"ಮಳೆ ಹಿಡಿದರೆ ಕೆಂಪು ಹರಿವೆಯ ಎಲೆಯೆಲ್ಲ ಬಿಳಿ ಚುಕ್ಕೆ. ಯಾರೂ ಕೊಳ್ಳುವುದಿಲ್ಲ."

ಅದು ಶಿಲೀಂಧ್ರ. ನೀರು ಮೇಲಿನಿಂದ ಚಿಮ್ಮಿದರೆ ಮಣ್ಣಿನಿಂದ ಎಲೆಗೆ ಹತ್ತುತ್ತದೆ. ನೀರನ್ನು ಬುಡಕ್ಕೆ ಹೊಯ್ಯಿರಿ. ಕೆಂಪಿನ ನಡುವೆ ಹಸಿರು ಹರಿವೆ ಬೆರೆಸಿ ಬಿತ್ತಿದರೆ ರೋಗ ಹಬ್ಬುವುದು ಕಡಿಮೆ, ಏಕೆಂದರೆ ಹಸಿರಿಗೆ ಇದು ಅಷ್ಟಾಗಿ ತಾಗದು. ಹಸಿ ಸೆಗಣಿಯನ್ನು ನೀರಿನಲ್ಲಿ ಕದಡಿ, ಮೇಲಿನ ತಿಳಿ ಸೋಸಿ ಸಿಂಪಡಿಸುವುದೂ ನಮಗೆ ಉಪಯೋಗಕ್ಕೆ ಬಂದಿದೆ.

"ಗದ್ದೆ ಮಾಡಿದರೆ ಏನಾದರೂ ಉಳಿಯುತ್ತದಾ? ಊರಲ್ಲಿ ಎಲ್ಲರೂ ಅಡಿಕೆ ಹಾಕಿದರು."

ಉಳಿಯುತ್ತದೆ. ಭತ್ತ ಮಾರಿದರೆ ಅಲ್ಲ, ಅಕ್ಕಿ ಮಾರಿದರೆ. ಒಂದು ಕ್ವಿಂಟಾಲು ಭತ್ತಕ್ಕೆ ಸುಮಾರು 65 ಕಿಲೋ ಅಕ್ಕಿ ಸಿಗುತ್ತದೆ, ತೌಡು ಬೇರೆ. ಬೇಯಿಸಿ ಒಣಗಿಸಿ ಕೆಂಪು ಕುಚ್ಚಿಲಕ್ಕಿ ಮಾಡಿ ನೆರೆಕರೆಯವರಿಗೇ ಕೊಟ್ಟರೆ ನಡುವಿನವರ ಪಾಲು ನಮ್ಮಲ್ಲೇ ಉಳಿಯುತ್ತದೆ. ನಮ್ಮ ಗುಂಪು ನಿಂತದ್ದೇ ಹಾಗೆ.

ಖರ್ಚು ಎಲ್ಲಿ ಹೋಗುತ್ತದೆ ಎಂದು ಒಮ್ಮೆ ನೋಡಿ. ನೇಜಿ (ಭತ್ತದ ಸಸಿ) ಕೀಳುವುದು, ನೆಡುವುದು, ಕಳೆ ತೆಗೆಯುವುದು, ಕೊಯ್ಯುವುದು ಎಲ್ಲ ಹೆಂಗಸರ ಕೆಲಸ. 'ಓ ಬೇಲೆ' ಎಂಬ ನಾಟಿ ಹಾಡು ಹೇಳಿಕೊಂಡು ನಟ್ಟ ಗದ್ದೆಗಳಿಗೆ ಈಗ ಜನ ಸಿಗುವುದಿಲ್ಲ, ಸಿಕ್ಕಿದರೂ ಸಂಬಳ ಕೊಟ್ಟು ಪೂರೈಸುವುದಿಲ್ಲ. ನೆಡುವ ಯಂತ್ರ ಬಾಡಿಗೆಗೆ ಸಿಕ್ಕಿದರೆ ಬಿಡಬೇಡಿ. ಅದಕ್ಕೆ ಚಾಪೆಯ ಹಾಗೆ ನೇಜಿ ಎಬ್ಬಿಸಬೇಕು, 14ರಿಂದ 18 ದಿನದ ನೇಜಿಯೇ ಆಗಬೇಕು, ಗದ್ದೆ ಮಟ್ಟವಾಗಿದ್ದು ನೀರು ತೆಳ್ಳಗೆ ನಿಂತಿರಬೇಕು. ತಗ್ಗಿನ ಬೈಲುಗದ್ದೆಯಲ್ಲಿ ಅದು ಚೆನ್ನಾಗಿ ಓಡುತ್ತದೆ. ಎತ್ತರದ ಬೆಟ್ಟುಗದ್ದೆಯ ಮೂಲೆಗಳನ್ನು ಕೈಯಲ್ಲೇ ನೆಡಬೇಕು.

'ಶ್ರೀ ಪದ್ಧತಿ' ಎಂದು ಹೇಳುತ್ತಾರಲ್ಲ, 8ರಿಂದ 12 ದಿನದ ಎಳೆ ನೇಜಿಯನ್ನು ಒಂದೊಂದಾಗಿ, 25 ಸೆಂಟಿಮೀಟರ್ ಅಂತರದಲ್ಲಿ ನೆಡುವುದು, ಅದರಲ್ಲಿ ಎಕರೆಗೆ 2 ಕಿಲೋ ಬೀಜ ಸಾಕು. ಮಾಮೂಲು ನಾಟಿಗೆ 25 ಕಿಲೋ ದಾಟುತ್ತದೆ. ಹಾಗೆಂದು ಮಳೆಗಾಲದ ಏಣಿಲು ಬೆಳೆಗೆ ಅದನ್ನು ಮಾಡಲು ಹೋಗಬೇಡಿ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆ ಎಳೆ ನೇಜಿಯನ್ನು ತೊಳೆದುಕೊಂಡು ಹೋಗುತ್ತದೆ. ಮಳೆಗಾಲ ಕಳೆದ ಮೇಲಿನ ಸುಗ್ಗಿ ಬೆಳೆಗೆ ಮಾಡಿ.

ಸುಗ್ಗಿ ಕೊಯ್ದ ಗದ್ದೆಯನ್ನು ಖಾಲಿ ಬಿಡುವುದು ನನಗೆ ನೋಡಲಾಗದ ವಿಷಯ. ಮಣ್ಣಿನ ಪಸೆ ಆರುವ ಮೊದಲು ಉದ್ದು ಬಿತ್ತಿದರೆ 70-80 ದಿನದಲ್ಲಿ ಬೆಳೆ ಬರುತ್ತದೆ. ನೀರು ಹೆಚ್ಚು ಬೇಡ, ಅದರ ಬೇರಿನಿಂದ ಮುಂದಿನ ಭತ್ತಕ್ಕೂ ಸಾರ. ಇಡ್ಲಿ, ದೋಸೆಗೆ ಊರ ಉದ್ದು ಕೇಳುವವರು ಇದ್ದೇ ಇದ್ದಾರೆ.

ಬೈಹುಲ್ಲನ್ನು ಲೆಕ್ಕದಿಂದ ಬಿಡಬೇಡಿ. ದೊಡ್ಡ ಕೊಯ್ಲು ಯಂತ್ರ ಹುಲ್ಲನ್ನು ಪುಡಿ ಮಾಡುತ್ತದೆ. ಹಟ್ಟಿಯಲ್ಲಿ ಕಾಸರಗೋಡು ಗಿಡ್ಡ ಇರುವವರಿಗೆ ಅದು ನಷ್ಟ. ಎಷ್ಟು ಗದ್ದೆ ಯಂತ್ರಕ್ಕೆ, ಎಷ್ಟು ಕತ್ತಿಗೆ ಎಂದು ಮೊದಲೇ ತೀರ್ಮಾನಿಸಿ.

"ಊರ ಭತ್ತ ಹಾಕಲೋ, ಸಂಶೋಧನಾ ಕೇಂದ್ರದ್ದು ಹಾಕಲೋ?"

ಎರಡೂ ಹಾಕಿ. ಪಟ್ಟಾಂಬಿಯಿಂದ 1974ರಲ್ಲಿ ಬಂದ 'ಜ್ಯೋತಿ' ಇವತ್ತಿಗೂ ನಮ್ಮ ದೊಡ್ಡ ಆಸರೆ: ಕೆಂಪು ಅಕ್ಕಿ, 110ರಿಂದ 125 ದಿನ, ಮಾರಲು ಸುಲಭ. ಊರ ತಳಿಗಳಲ್ಲಿ ಇಳುವರಿ ಕಡಿಮೆ. ಆದರೆ ಗೊಬ್ಬರ ಕಡಿಮೆ ಸಾಕು, ಹುಲ್ಲು ಉದ್ದ, ಪರಿಮಳದ ಅಕ್ಕಿಗೆ ಬೆಲೆ ಬೇರೆ. ನಮ್ಮದೇ ಬೆಳ್ಳೂರಿನ ಸತ್ಯನಾರಾಯಣ ಬೇಲೇರಿಯವರು 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಉಳಿಸಿದ್ದಾರೆ. ಅವರಿಗೆ 2024ರಲ್ಲಿ ಪದ್ಮಶ್ರೀ ಬಂತು. ಅವರು ಹರಡಿದ 'ರಾಜಕಯಮೆ' ನಮ್ಮ ಸುತ್ತಿನ ಎಷ್ಟೋ ಗದ್ದೆಗಳಲ್ಲಿದೆ. ಗ್ರೋ ಬ್ಯಾಗಿನಲ್ಲೇ ತಳಿ ಕಾಪಾಡುವ ಅವರ ಕ್ರಮ ಗದ್ದೆ ಇಲ್ಲದ ಹೆಂಗಸರಿಗೂ ಹೇಳಿ ಮಾಡಿಸಿದ್ದು. ಜಗಲಿಯ ಬದಿಯಲ್ಲಿ ನಾಲ್ಕು ಚೀಲ ಇಟ್ಟರೆ ಒಂದು ತಳಿ ಉಳಿಯುತ್ತದೆ.

ಮುಕ್ಕಾಲು ಭಾಗ ಜ್ಯೋತಿ, ಕಾಲು ಭಾಗ ಊರ ಭತ್ತ ನಮ್ಮ ಗುಂಪಿನ ಲೆಕ್ಕ. ಉಪ್ಪುನೀರು ಹತ್ತುವ ಕರಾವಳಿ ಗದ್ದೆಯವರು ಮಾತ್ರ ಕೈಪಾಡ್ ಎನ್ನುವ ಅಂಥ ಉಪ್ಪುನೀರ ಗದ್ದೆಗೆಂದೇ ಮಾಡಿದ 'ಏಳೋಂ' ತಳಿಗಳನ್ನು ಕೇಳಿ.

"ಗೆಣಸು, ಮರಗೆಣಸು ಬಡವರ ಊಟ ಅಲ್ವಾ? ಅದರಲ್ಲಿ ದುಡ್ಡು ಎಲ್ಲಿ?"

ಕಷ್ಟಕಾಲದಲ್ಲಿ ನಮ್ಮ ಅಮ್ಮಂದಿರನ್ನು ಉಳಿಸಿದ ಊಟ ಅದು, ಹಗುರ ಮಾಡಬೇಡಿ. ತಿರುವನಂತಪುರದ ಗೆಡ್ಡೆ ಬೆಳೆಗಳ ಸಂಶೋಧನಾ ಕೇಂದ್ರದ 'ಶ್ರೀ ವಿಜಯ' ಮರಗೆಣಸು 6-7 ತಿಂಗಳಲ್ಲಿ ಕೀಳಬಹುದು. 'ಭೂ ಸೋನಾ' ಎಂಬ ಕಿತ್ತಳೆ ಬಣ್ಣದ ಗೆಣಸಿನ 100 ಗ್ರಾಮಿನಲ್ಲಿ 14 ಮಿಲಿಗ್ರಾಂನಷ್ಟು ಬೀಟಾ ಕ್ಯಾರೋಟಿನ್ ಇದೆ. ಮಕ್ಕಳ ಕಣ್ಣಿಗೆ ಬೇಕಾದದ್ದು ಅದೇ. ಬಾಣಂತಿಯರಿರುವ ಮನೆಗೆ ಎರಡು ಸಾಲು ನೆಡಿ ಎಂದು ನಾನು ಎಲ್ಲರಿಗೂ ಹೇಳುವುದು. ದುಡ್ಡು ಬೇಕಾದರೆ ಅಡಿಕೆ ತೋಟದ ನಡುವೆ ಸುವರ್ಣಗೆಡ್ಡೆ ಹಾಕಿ. ಮದುವೆ, ಉತ್ಸವದ ಅಡುಗೆಯವರು ಕೊಳ್ಳುತ್ತಾರೆ.

ಒಂದು ಎಚ್ಚರಿಕೆ. ಮರಗೆಣಸಿನ ಹಸಿ ಸೊಪ್ಪನ್ನು ಆಡು, ದನಗಳಿಗೆ ಹಾಕಬೇಡಿ, ಅದರಲ್ಲಿ ವಿಷ ಇದೆ. ಗೆಡ್ಡೆಯನ್ನೂ ಹೆಚ್ಚು ನೀರಿನಲ್ಲಿ ಬೇಯಿಸಿ, ಬಸಿದು ತಿನ್ನಿ.

"ಬೆಳೆದದ್ದನ್ನೆಲ್ಲ ಹಂದಿ ತಿಂದರೆ ಮತ್ತೆ ಯಾಕೆ ಬೆಳೆಯುವುದು?"

ಒಂದೇ ರಾತ್ರಿಯಲ್ಲಿ ನಮ್ಮ ಮರಗೆಣಸಿನ ಸಾಲು ಪೂರ್ತಿ ಹೋದದ್ದು ನೋಡಿದ್ದೇನೆ. ಅವತ್ತು ಅತ್ತಿದ್ದೇನೆ. ಬೆಳೆ ಹಾಳು ಮಾಡುವ ಕಾಡುಹಂದಿಯನ್ನು ಕೊಲ್ಲಲು ಆಜ್ಞೆ ಕೊಡುವ ಅಧಿಕಾರ 2022ರಿಂದ ಪಂಚಾಯತು ಅಧ್ಯಕ್ಷರಿಗೇ ಇದೆ. ಗುಂಪಿನ ಹೆಸರಿನಲ್ಲಿ, ಫೋಟೋ ಸಹಿತ, ಬರೆದೇ ದೂರು ಕೊಡಿ. ಕಾಡಿನ ಅಂಚಿನ ಜಾಗಕ್ಕೆ ಅರಿಶಿನ ಹಾಕಿ. ನಮ್ಮಲ್ಲಿ ಹಂದಿ ಅದರ ತಂಟೆಗೆ ಬಂದದ್ದು ಕಡಿಮೆ. ಗೆಣಸು ಮನೆಯಂಗಳದ ಹತ್ತಿರ ಇರಲಿ.

"ಕುಂಭ ತಿಂಗಳು (ಫೆಬ್ರವರಿ-ಮಾರ್ಚ್) ಬಂದರೆ ನೀರಿಲ್ಲ."

ಮಳೆ ಧಾರಾಳ ಸುರಿಯುವ ಊರಿನಲ್ಲಿ ಈ ಮಾತು ಕೇಳುವಾಗ ಸಂಕಟ. ನವೆಂಬರ್, ಡಿಸೆಂಬರಿನಲ್ಲೇ ತೋಡಿಗೆ ಅಡ್ಡಲಾಗಿ ಕಟ್ಟ (ಒಡ್ಡು) ಹಾಕಿ. ನಮ್ಮ ಜಿಲ್ಲೆಯ ಏತಡ್ಕದವರು ತಲೆಮಾರಿನಿಂದ ಮಾಡಿಕೊಂಡು ಬಂದದ್ದು ಅದೇ. ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗ ಇದ್ದರೆ ಅದರ ಸಣ್ಣ ಒರತೆಯನ್ನು ರಾತ್ರಿಯಿಡೀ ಟಾಂಕಿಯಲ್ಲಿ ತುಂಬಿಸಿ, ಬೆಳಗ್ಗೆ ಪಂಪಿಲ್ಲದೆಯೇ ಪೈಪಿನಲ್ಲಿ ಕೆಳಗಿನ ಬುಡಗಳಿಗೆ ಬಿಡಿ. ಕೊಡ ಹೊತ್ತು ನೀರು ಹೊಯ್ಯುವ ತೋಟ ಮಾತ್ರ ಮಾಡಬೇಡಿ. ಸೊಂಟ ಹೋದರೆ ಬೆಳೆಯಿಂದ ಬಂದ ದುಡ್ಡು ಆಸ್ಪತ್ರೆಗೇ.

## ಅಡುಗೆಮನೆಯಿಂದ ಅಂಗಡಿಗೆ

"ಹಲಸು ಮರದಡಿಯಲ್ಲಿ ಕೊಳೆಯುತ್ತದೆ. ಹಪ್ಪಳ ಎಲ್ಲರೂ ಮಾಡುತ್ತಾರೆ. ಬೇರೆ ಏನು ಮಾಡಬಹುದು?"

2018ರಲ್ಲಿ ಹಲಸು ಕೇರಳದ ರಾಜ್ಯಫಲವಾಯಿತು. ಆದರೂ ಕೊಳೆಯುವುದು ನಿಂತಿಲ್ಲ. ಮರದಲ್ಲಿ ಒಮ್ಮೆಲೇ ಬಲಿಯುತ್ತದೆ, ಅಷ್ಟರಲ್ಲಿ ಮಳೆ, ಬಿಸಿಲಿಲ್ಲ. ಆದ್ದರಿಂದ ಹಲಸಿನಲ್ಲಿ ಹೊಸತು ಎಂದರೆ ನನಗೆ ಡ್ರೈಯರ್. ಒಬ್ಬೊಬ್ಬರು ಕೊಳ್ಳಬೇಡಿ, ಗುಂಪಿಗೊಂದು ಸಾಕು. ಬಲಿತ ಹಸಿ ಸೊಳೆಯನ್ನು ಕೊಚ್ಚಿ, 60 ಡಿಗ್ರಿಯ ಆಸುಪಾಸಿನಲ್ಲಿ ಕಡುಕಡು ಎನ್ನುವಷ್ಟು ಒಣಗಿಸಿ, ಗಾಳಿಯಾಡದ ಹಾಗೆ ಕಟ್ಟಿದರೆ ಹಲಸಿಲ್ಲದ ಕಾಲದಲ್ಲಿ ಬಿಸಿನೀರಿಗೆ ಹಾಕಿ ಪಲ್ಯ, ಸಾಂಬಾರು ಮಾಡಬಹುದು. ಬೆಂಗಳೂರಿನಲ್ಲಿರುವ ನಮ್ಮ ಮಕ್ಕಳೇ ಮೊದಲ ಗಿರಾಕಿಗಳು.

ಅಜ್ಜಿಯರ ಉಪ್ಪುಸೊಳೆಯನ್ನೂ ಮರೆಯಬೇಡಿ. ಕರೆಂಟು ಬೇಡ, ಯಂತ್ರ ಬೇಡ, ಉಪ್ಪು ಮತ್ತು ಭರಣಿ ಸಾಕು. ಹಲಸಿನ ಬೇಳೆ (ಬೀಜ) ಎಸೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅದನ್ನು ಬೇಯಿಸಿ ಒಣಗಿಸಿ ಸಾಂತಾಣಿ ಮಾಡಿ ಕೊಟ್ಟು ನೋಡಿ, ಒಮ್ಮೆ ತಿಂದವರು ಹುಡುಕಿಕೊಂಡು ಬರುತ್ತಾರೆ.

"ನೂರು ಹಪ್ಪಳಕ್ಕೆ ಎಷ್ಟು ಬೆಲೆ ಇಡಲಿ? ಹಲಸು ನಮ್ಮದೇ ಮರದ್ದು, ಖರ್ಚಿಲ್ಲ."

'ಖರ್ಚಿಲ್ಲ' ಎನ್ನುವ ಈ ಮಾತೇ ನಮ್ಮನ್ನು ಬಡವರಾಗಿ ಇಟ್ಟದ್ದು. ಮೊದಲ ವರ್ಷ ನಾವೂ ಹಾಗೆಯೇ ಎಣಿಸಿದೆವು. ಒಂದು ಅಂಗಡಿಯವರು ಹೇಳಿದ ಬೆಲೆಗೆ ಕೊಟ್ಟೆವು, ದುಡ್ಡು ನಾಲ್ಕು ತಿಂಗಳ ಮೇಲೆ ಬಂತು. ಗಂಟೆ ಲೆಕ್ಕ ಹಾಕಿ ಹಂಚಿ ನೋಡಿದರೆ ಬೀಡಿ ಕಟ್ಟಿದ್ದಕ್ಕಿಂತ ಕಡಿಮೆ.

ಈಗ ಒಂದು ಪುಸ್ತಕ ಇದೆ. ಹಲಸು ಕೊಯ್ದವರು ಯಾರು, ಸೊಳೆ ಬಿಡಿಸಿದವರು, ಬೇಯಿಸಿ ಕಡೆದವರು, ಒತ್ತಿದವರು, ಒಣಗಲು ಹಾಕಿ ತೆಗೆದವರು, ಎಷ್ಟೆಷ್ಟು ಗಂಟೆ, ಎಲ್ಲ ಬರೆಯುತ್ತೇವೆ. ಊರಿನಲ್ಲಿ ಹೆಣ್ಣಾಳಿಗೆ ನಡೆಯುವ ಸಂಬಳದ ಲೆಕ್ಕದಲ್ಲಿ ಗಂಟೆಗೆ ದುಡ್ಡು ಹಾಕುತ್ತೇವೆ. ಹಲಸಿಗೂ ಪೇಟೆಯ ಬೆಲೆ ಹಾಕುತ್ತೇವೆ, ನಮ್ಮದೇ ಮರದ್ದಾದರೂ. ಸೌದೆ, ಎಣ್ಣೆ, ಪ್ಲಾಸ್ಟಿಕ್ಕು, ಬಸ್ಸು ಸೇರಿಸಿ, ಅದರ ಮೇಲೆ ಲಾಭ. ಆ ಬೆಲೆಗೆ ಹೋಗದ ವಸ್ತುವನ್ನು ಮಾಡುವುದೇ ಬಿಟ್ಟೆವು. ಎರಡು ತಿಂಡಿ ಹಾಗೆ ಬಿಟ್ಟುಹೋದವು, ಬೇಸರವಿಲ್ಲ. ಅಂಗಡಿಗೆ ಕೊಡುವುದಾದರೆ ಹಿಂದಿನ ಸಲದ ದುಡ್ಡು ಬಂದ ಮೇಲೆಯೇ ಮುಂದಿನ ಕಟ್ಟು.

"ಮನೆಯಲ್ಲಿ ಮಾಡಿ ಮಾರಲು ಲೈಸೆನ್ಸ್ ಬೇಕಾ?"

ಬೇಕು, ಆದರೆ ಹೆದರುವಂಥದ್ದಲ್ಲ. ವರ್ಷಕ್ಕೆ 12 ಲಕ್ಷ ರೂಪಾಯಿಯೊಳಗಿನ ವ್ಯಾಪಾರಕ್ಕೆ ಎಫ್ಎಸ್ಎಸ್ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಸಾಕು, ಶುಲ್ಕ ವರ್ಷಕ್ಕೆ 100 ರೂಪಾಯಿ. ಸರಕಾರಿ ಆನ್‌ಲೈನ್ ಅರ್ಜಿ ತುಂಬಿಸಿಕೊಡುವ ಅಕ್ಷಯ ಕೇಂದ್ರದಲ್ಲಿ ಮಾಡಿಸಬಹುದು. ಸಿಕ್ಕಿದ 14 ಅಂಕಿಯ ಸಂಖ್ಯೆಯನ್ನು ಪ್ಯಾಕೆಟಿನಲ್ಲಿ ಹಾಕಿ. ತೂಕ, ಮಾಡಿದ ದಿನ, ಏನೇನು ಸೇರಿಸಿದ್ದೀರಿ ಎಂಬುದನ್ನೂ ಹಾಕಿ.

"ನಮ್ಮ ಅಲಸಂಡೆ ಬೀಜ ಮಾರಿದರೆ ಕಂಪೆನಿಯವರು ಕೇಸು ಹಾಕುತ್ತಾರಾ?"

ಇಲ್ಲ. ಕೃಷಿಕರು ಬೀಜ ಉಳಿಸಿಕೊಳ್ಳಬಹುದು, ಬಿತ್ತಬಹುದು, ಹಂಚಬಹುದು, ಮಾರಲೂಬಹುದು ಎಂದು 2001ರ ಸಸ್ಯ ತಳಿ ಮತ್ತು ರೈತರ ಹಕ್ಕುಗಳ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಸಂರಕ್ಷಿತ ತಳಿಯ ಬೀಜವನ್ನು ಬ್ರ್ಯಾಂಡ್ ಹಾಕಿ ಮಾರುವಂತಿಲ್ಲ, ಅಷ್ಟೇ. ನಿಮ್ಮ ಅತ್ತೆ ಕಾಪಾಡಿದ ಸೌತೆ, ಹಾಗಲದ ಬೀಜ ನಿಮ್ಮದೇ. ಬೂದಿ ಹಚ್ಚಿ, ಒಣಗಿಸಿ, ಯಾವ ವರ್ಷದ್ದೆಂದು ಬರೆದು ಕೊಡಿ.

## ಗುಂಪು, ಮನೆ, ಹಕ್ಕು

"ನಮ್ಮ ಗುಂಪು ಎರಡೇ ವರ್ಷಕ್ಕೆ ಒಡೆಯಿತು. ಎಲ್ಲಿ ತಪ್ಪಿತು?"

ನಾನು ಕಂಡ ಗುಂಪುಗಳು ಜಗಳದಿಂದ ಒಡೆದದ್ದು ಕಡಿಮೆ, ಸುಮ್ಮನಿರುವುದರಿಂದ ಒಡೆದದ್ದು ಹೆಚ್ಚು. ಒಬ್ಬಳು ಹೆಚ್ಚು ದುಡಿಯುತ್ತಾಳೆ, ಹೇಳುವುದಿಲ್ಲ. ಇನ್ನೊಬ್ಬಳಿಗೆ ಬರಲಾಗುವುದಿಲ್ಲ, ಕಾರಣ ಹೇಳುವುದಿಲ್ಲ. ಲಾಭವನ್ನು ತಲೆಗೆ ಸಮ ಹಂಚುವುದರ ಬದಲು ಬಂದ ಗಂಟೆಗೆ ತಕ್ಕಂತೆ ಹಂಚಿ. ಹೆರಿಗೆ, ಕಾಯಿಲೆಗೆ ರಜೆ ಎಷ್ಟೆಂದು ಮೊದಲೇ ಬರೆದಿಡಿ. ಲೆಕ್ಕ ಬರೆಯುವವಳು ವರ್ಷವರ್ಷ ಬದಲಾಗಲಿ. ಆಗ ಎಲ್ಲರಿಗೂ ಲೆಕ್ಕ ಬರುತ್ತದೆ, ಒಬ್ಬಳ ಮೇಲೆ ಸಂಶಯವೂ ಬರುವುದಿಲ್ಲ.

"ದುಡ್ಡು ಬರಲು ಶುರುವಾದ ಮೇಲೆ ಮನೆಯಲ್ಲಿ ಅವರೇ ಲೆಕ್ಕ ಕೇಳುತ್ತಾರೆ. ಖಾತೆಯೂ ಅವರ ಹೆಸರಿಗೆ ಇರಲಿ ಎನ್ನುತ್ತಾರೆ."

ಖಾತೆ ನಿಮ್ಮ ಹೆಸರಿನಲ್ಲೇ ಇರಲಿ. ಗುಂಪಿನ ಸಾಲಕ್ಕೆ ಸಹಿ ಹಾಕಿದವರು ನೀವು, ತಪ್ಪಿದರೆ ಬ್ಯಾಂಕು ಕೇಳುವುದೂ ನಿಮ್ಮನ್ನೇ. ಇದನ್ನು ಮನೆಯಲ್ಲಿ ಹಾಗೆಯೇ ಹೇಳಿ, ಜಗಳಕ್ಕಿಂತ ಹೆಚ್ಚು ಅದು ನಾಟುತ್ತದೆ. ಲೆಕ್ಕ ತೋರಿಸಲು ಅಂಜಬೇಕಾಗಿಲ್ಲ, ಆದರೆ ಅವರ ಅಡಿಕೆಯ ಲೆಕ್ಕವನ್ನೂ ಅದೇ ಮೇಜಿನ ಮೇಲೆ ಇಡಲು ಕೇಳಿ. ಕೈ ಮಾಡುವಷ್ಟಕ್ಕೆ ಹೋದರೆ ಒಬ್ಬರೇ ಸಹಿಸಬೇಡಿ. ಕುಟುಂಬಶ್ರೀಯ 'ಸ್ನೇಹಿತ' ಎಂಬ ಸಹಾಯ ಕೇಂದ್ರ ಅದಕ್ಕೆಂದೇ ಇದೆ.

"ಎಂಡೋಸಲ್ಫಾನ್ ಬಿದ್ದ ನಮ್ಮ ಊರಿನ ತರಕಾರಿ ತಿನ್ನಬಹುದಾ? ಮಾರಿದರೆ ಯಾರಾದರೂ ಕೊಳ್ಳುತ್ತಾರಾ?"

ಗೇರು ತೋಟಗಳ ಮೇಲೆ ಈ ಕೀಟನಾಶಕವನ್ನು ಹೆಲಿಕಾಪ್ಟರಿನಿಂದ ಸುರಿಯುವುದು 2000ದಲ್ಲಿ ನಿಂತಿತು, 2011ರಲ್ಲಿ ಸುಪ್ರೀಂ ಕೋರ್ಟು ಅದರ ಬಳಕೆಯನ್ನೇ ತಡೆಯಿತು. ಮಣ್ಣಿನಲ್ಲಿ ಅದರ ಉಳಿಕೆ ಅರ್ಧಕ್ಕಿಳಿಯಲು ಸುಮಾರು 9 ತಿಂಗಳಿಂದ 6 ವರ್ಷದವರೆಗೆ ಬೇಕು ಎಂದು ಅಂದಾಜು. ಅರ್ಧದ ಅರ್ಧ ಎಂದು ಎಣಿಸಿಕೊಂಡು ಬನ್ನಿ, ಇಷ್ಟು ವರ್ಷದಲ್ಲಿ ಎಷ್ಟು ಕರಗಿದೆ ಎಂದು ತಿಳಿಯುತ್ತದೆ. ನಾನು ಆ ವಿಷ ಬಿದ್ದ ಎಣ್ಮಕಜೆಯ ತರಕಾರಿ ತಿನ್ನುತ್ತೇನೆ, ಮಕ್ಕಳಿಗೂ ಕೊಡುತ್ತೇನೆ. ಕೊಳ್ಳುವವರಿಗೆ ಸಂಶಯ ಇದ್ದರೆ ಸಿಟ್ಟಾಗಬೇಡಿ, ಗದ್ದೆಗೆ ಕರೆದು ತೋರಿಸಿ.

"ನನ್ನ ಮಗ ಹುಟ್ಟಿದಾಗಿನಿಂದ ಹಾಸಿಗೆಯಲ್ಲೇ. ಅವನನ್ನು ಬಿಟ್ಟು ಅರ್ಧ ಗಂಟೆ ಹೊರಗೆ ಹೋಗಲಾಗುವುದಿಲ್ಲ. ನನ್ನಂಥವಳಿಗೆ ನಿಮ್ಮ ಗುಂಪಿನಲ್ಲಿ ಜಾಗ ಇದೆಯಾ?"

ಇದೆ. ಇಂಥ ತಾಯಂದಿರು ನಮ್ಮ ಪಂಚಾಯತುಗಳಲ್ಲಿ ಒಬ್ಬಿಬ್ಬರಲ್ಲ. ಗದ್ದೆಗೆ ಬರಲಾಗದವಳ ಮನೆಗೆ ಕೆಲಸ ಹೋಗಬೇಕು. ಬೀಜ ಆರಿಸಿ ಕಟ್ಟುವುದು, ಟ್ರೇಯಲ್ಲಿ ಮೆಣಸು, ಬದನೆಯ ಸಸಿ ಎಬ್ಬಿಸುವುದು, ಪ್ಯಾಕೆಟಿಗೆ ಚೀಟಿ ಅಂಟಿಸುವುದು, ಗುಂಪಿನ ಲೆಕ್ಕ ಬರೆಯುವುದು ಎಲ್ಲ ಮಗುವಿನ ಹತ್ತಿರ ಕೂತೇ ಆಗುತ್ತದೆ. ಚಿಪ್ಪು ಅಣಬೆಯೂ ಆಗುತ್ತದೆ. ಗುಂಪಿನ ಬೈಹುಲ್ಲನ್ನೇ ನೆನೆಸಿ, ಬೇಯಿಸಿ, ನೀರು ಬಸಿದು, ಚೀಲದಲ್ಲಿ ಪದರ ಪದರವಾಗಿ ಅಣಬೆ ಬೀಜ ಹಾಕಿ ಕತ್ತಲೆ ಕೋಣೆಯಲ್ಲಿಟ್ಟರೆ ಮೂರು ನಾಲ್ಕು ವಾರದಲ್ಲಿ ಮೊದಲ ಕೊಯ್ಲು. ಹುಲ್ಲು ಹೊತ್ತು ತರುವುದು, ಬೇಯಿಸುವುದು ಉಳಿದವರ ಪಾಲು.

ಅವಳ ಗಂಟೆಗೂ ಗದ್ದೆಯ ಗಂಟೆಗೂ ಒಂದೇ ಬೆಲೆ ಎಂದು ಪುಸ್ತಕದಲ್ಲಿ ಬರೆಯಿರಿ. ವಾರದ ಸಭೆಯನ್ನು ಅವಳ ಜಗಲಿಯಲ್ಲೇ ಇಡಿ. ನಾವು ಹಾಗೆ ಮಾಡಿದ್ದೇವೆ; ಸಭೆಯ ಹೊತ್ತಿಗೆ ಇಬ್ಬರು ಮಗುವಿನ ಹತ್ತಿರ ಕೂರುತ್ತಾರೆ, ಆ ಒಂದು ಗಂಟೆ ಅವಳು ತೋಡಿನವರೆಗೆ ನಡೆದುಕೊಂಡು ಹೋಗಿ ಬರುತ್ತಾಳೆ.